ಅರವತ್ಮೂರು ಮನೆಗಳಿಗೆ ಹೋಗದ ಕಾಗದ

ಆಲ್ಡರ್ ಕ್ರೀಕ್
ನವೆಂಬರ್ 9, 2025

ಪ್ರೀತಿಯ ಆರ್ಡಿಸ್,

ನಿನ್ನ ಮೂರು ಕಾಗದಗಳೂ ತಲುಪಿವೆ. ಕೈನೋವಿತ್ತು, ಅದಕ್ಕೆ ಬರೆಯಲಾಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ನೀನೂ ನರ್ಸಾಗಿದ್ದವಳು, ನಂಬುವುದಿಲ್ಲ. ಸೊಂಟದ ಆಪರೇಷನ್ ಆದಮೇಲೆ ಕೋಲಿಲ್ಲದೆ ಅಂಚೆಪೆಟ್ಟಿಗೆಯವರೆಗೆ ನಡೆಯುತ್ತೀಯೆಂದು ಓದಿ ಸಂತೋಷವಾಯಿತು. ಅರಿಜೋನಾದ ಬಿಸಿಲು ನಿನಗೆ ಒಗ್ಗಿದೆ. ಇಲ್ಲಿ ಆಗಲೇ ಎರಡು ಸಲ ಹಿಮ ಬಿತ್ತು. ಸಕ್ಕರೆ ಬೀಟ್ ಗಡ್ಡೆಯ ಕೊಯ್ಲು ಮುಗಿದು, ಲಾರಿಗಳು ಚೆಲ್ಲಿದ ಕೆಸರು ಹೆದ್ದಾರಿಯ ಮೇಲೆ ಗಟ್ಟಿಯಾಗಿ ಕೂತಿದೆ.

ನಾನು ಕೆಲಸ ಬಿಟ್ಟೆನೆಂದು ನಿನಗೆ ಯಾರೋ ಹೇಳಿದ್ದಾರೆ. ಬಿಟ್ಟದ್ದಲ್ಲ, ಬಿಡಿಸಿದರು. ನೀನು ನನ್ನ ಕೈಗೊಪ್ಪಿಸಿ ಹೋದ ಕ್ಲಿನಿಕ್ಕನ್ನು ಹತ್ತೊಂಬತ್ತು ವರ್ಷ ನಡೆಸಿದವಳನ್ನು ಒಂದು ಇಮೇಲ್ ಕಳಿಸಿ ಮನೆಗೆ ಕಳಿಸಿದರು. ಪತ್ರಿಕೆಯಲ್ಲಿ ಬಂದದ್ದರಲ್ಲಿ ಅರ್ಧ ನಿಜ, ಅರ್ಧ ಪ್ರಾಂತೀಯ ಆರೋಗ್ಯ ಕಚೇರಿಯವರು ಬರೆದುಕೊಟ್ಟದ್ದು. ನಡೆದದ್ದನ್ನು ನಾನೇ ಹೇಳುತ್ತೇನೆ.

ದನಕರುಗಳ ಮೇವು ಮಾರುವ ಫೀಡ್ ಅಂಗಡಿಯ ಗಲ್ಲಾದಲ್ಲಿ ಕೂರುವ ಟೆಸ್ ವಾನೆಕ್ ನಿನಗೆ ನೆನಪಿರಬೇಕು. ಐದನೇ ಕ್ಲಾಸಿನಲ್ಲಿದ್ದಾಗ ನಿನ್ನ ಸೂಜಿಗೆ ಹೆದರಿ ಶಾಲೆಯ ಕಿಟಕಿಯಿಂದ ಹಾರಿದವಳು. ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಅವಳು ತನ್ನ ಮಗಳು ಬ್ರಿನ್‌ಳಿಗೆ ದಡಾರದ ಲಸಿಕೆ ಹಾಕಿಸಲು ಬಂದಳು. ಮಗುವಿಗೆ ಆಗಷ್ಟೇ ಒಂದು ವರ್ಷ. ಗಂಡ ಡ್ವೇನ್ ಬಾಗಿಲಲ್ಲೇ ನಿಂತಿದ್ದ, ಟೋಪಿ ಕೂಡ ತೆಗೆಯಲಿಲ್ಲ.

"ಸರ್ಕಾರದೋರು ಸೇಫು ಅಂದ್ಬಿಟ್ರೆ ಸೇಫಾಗೋಗುತ್ತಾ? ಇವತ್ತೊಂದು ಹೇಳ್ತಾರೆ, ಆರು ತಿಂಗಳಿಗೆ ಇನ್ನೊಂದು," ಎಂದ.

ಟೆಸ್ ಮಗುವಿನ ಕಾಲುಚೀಲ ಬಿಚ್ಚುತ್ತಲೇ ಹೇಳಿದಳು: "ನಾನೇನ್ ಸರ್ಕಾರನ ನಂಬ್ಕೊಂಡು ಬಂದಿದೀನಾ? ಜೋಲೀನಕ್ಕನ್ನ ನಂಬ್ಕೊಂಡು ಬಂದಿದೀನಿ. ನೀನು ಹೊರಗೆ ಹೋಗಿ ಟ್ರಕ್ಕಲ್ಲಿ ಕೂತ್ಕೋ."

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರದ ಊಟಕ್ಕೆ ಸೇರಿದ ಹೆಂಗಸರ ಮುಂದೆ, ಹಿಂಜರಿಯುತ್ತಿದ್ದವರನ್ನೆಲ್ಲ ಹೆಸರು ಹಿಡಿದು ಕರೆದು, "ನನ್ನ ಮಗೂಗೆ ಹಾಕ್ಸಿದೀನಿ, ನಿಮ್ಮ ಮಕ್ಕಳು ಏನು ಗಾಜಿನ ಗೊಂಬೆಗಳಾ?" ಎಂದು ಕೇಳಿದಳಂತೆ. ಮುಂದಿನ ವಾರ ಹದಿನಾಲ್ಕು ತಾಯಂದಿರು ಬಂದರು. ಆ ದಿನ ನಿನಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದ್ದೆ, ನೆನಪಿದೆಯೇ?

ಆಗಸ್ಟ್‌ನಲ್ಲಿ ಲಸಿಕೆಯ ಫ್ರಿಜ್ ಶಬ್ದ ಮಾಡತೊಡಗಿತೆಂದು ರಿಪೇರಿಯವನನ್ನು ಕರೆಸಿದೆ. ಅವನು ತನ್ನ ಥರ್ಮಾಮೀಟರ್ ಒಳಗಿಟ್ಟು ನೋಡಿ, "ಮೇಡಂ, ಇದ್ರಲ್ಲಿ ಹಾಲಿಟ್ರೂ ಒಡೆದು ಹೋಗುತ್ತೆ," ಎಂದ. ನಮ್ಮ ಥರ್ಮಾಮೀಟರಿನ ಮುಳ್ಳು, ಇರಬೇಕಾದ ನಲವತ್ತು ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ ಸಿಕ್ಕಿಕೊಂಡಿತ್ತು. ನಾನು ದಿನಕ್ಕೆರಡು ಸಲ ನಲವತ್ತು, ನಲವತ್ತು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಳಗೆ ಎಪ್ಪತ್ತರ ಹತ್ತಿರವಿತ್ತು. ಅವನು ಕೆಟ್ಟ ಭಾಗವನ್ನು ನೋಡಿ, ಹನ್ನೊಂದು ವಾರದಿಂದ ಹೀಗೇ ಇದ್ದಿರಬೇಕು ಎಂದ. ಆ ಹನ್ನೊಂದು ವಾರದಲ್ಲಿ ಅರವತ್ಮೂರು ಮಕ್ಕಳಿಗೆ ದಡಾರದ ಲಸಿಕೆ ಹಾಕಿದ್ದೆ. ಬಿಸಿ ತಾಗಿದ ಆ ಮದ್ದಿನಿಂದ ಮಕ್ಕಳಿಗೆ ಕೇಡಿಲ್ಲ, ಆದರೆ ಅದರಲ್ಲಿ ಶಕ್ತಿ ಉಳಿದಿರುತ್ತದೆಂದು ಹೇಳಲಾಗುವುದಿಲ್ಲ. ನಿನಗೆ ಇದನ್ನು ನಾನು ಕಲಿಸಬೇಕೇ?

ಅಂದೇ ಪ್ರಾಂತೀಯ ಕಚೇರಿಗೆ ತಿಳಿಸಿದೆ. ಮಂಗಳವಾರ ಪ್ರೆಂಟಿಸ್ ಹೌಕ್ ಎಂಬ ಅಧಿಕಾರಿ ಬಂದ. ಸಭ್ಯ ಮನುಷ್ಯ, ನನ್ನ ಮೇಜಿನ ಮೇಲಿದ್ದ ಕೂಖೆನ್ ಕೇಕು ತಿಂದು ಚೆನ್ನಾಗಿದೆ ಎಂದ. ಅರವತ್ಮೂರು ಮನೆಗಳಿಗೆ ಕಳಿಸಲೆಂದು ನಾನು ಟೈಪು ಮಾಡಿಟ್ಟಿದ್ದ ಕಾಗದವನ್ನು ಎರಡು ಸಲ ಓದಿದ.

"ಜೋಲೀನ್, ಇದ್ರಿಂದ ಯಾವ ಮಗೂಗಾದ್ರೂ ತೊಂದ್ರೆ ಆಗಿದ್ಯಾ?"

"ಇಲ್ಲ. ಆದ್ರೆ ರಕ್ಷಣೇನೂ ಆಗಿರ್ಲಿಕ್ಕಿಲ್ಲ."

"ನಾಲ್ಕು ವರ್ಷಕ್ಕೆ ಹೇಗಿದ್ರೂ ಎರಡನೇದು ಹಾಕ್ತೀವಲ್ಲ. ಈಗ ಈ ಕಾಗದ ಹೋಯ್ತು ಅಂತಿಟ್ಕೋ, ಕೆಟ್ಟ ಲಸಿಕೆ ಚುಚ್ಚಿದ್ರು ಅಂತ ಊರೆಲ್ಲ ಮಾತಾಡುತ್ತೆ. ಮುಂದಿನ ವರ್ಷ ಹಾಕಿಸ್ಕೊಳ್ಳೋಕೆ ಯಾರು ಬರ್ತಾರೆ? ಜನರ ನಂಬಿಕೇನ ನಾವು ಕಾಪಾಡಬೇಕು."

ಅವನು ಆ ಕಾಗದವನ್ನು ಹರಿಯಲಿಲ್ಲ, ಮಡಚಿ ತನ್ನ ಫೈಲಿನಲ್ಲಿಟ್ಟುಕೊಂಡ. ನಾನು ಇನ್ನೊಂದು ಪ್ರತಿ ಟೈಪು ಮಾಡಲಿಲ್ಲ. ಡ್ವೇನ್‌ನಂಥವರ ಮಾತು ನೆನಪಾಗಿ, ಇವನು ಹೇಳುವುದೂ ಸರಿಯಿರಬಹುದು ಎನ್ನಿಸಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಈ ಮಾರ್ಚ್‌ನಲ್ಲಿ ಪಕ್ಕದ ಕೌಂಟಿಯ ಒಂದು ಮದುವೆಯಿಂದ ದಡಾರ ಬಂತು. ಮೊದಲ ಮಗು ಜ್ವರದಿಂದ ಮಲಗಿದ ದಿನವೇ ಹೌಕ್‌ಗೆ ಫೋನ್ ಮಾಡಿ, ಈಗಲಾದರೂ ಆ ಅರವತ್ಮೂರು ಜನರನ್ನು ಕರೆಯೋಣ ಎಂದೆ. "ಎಲ್ಲ ಮಕ್ಕಳಿಗೂ ಎರಡನೇ ಡೋಸು ಬೇಗ ಹಾಕಿಸ್ಕೊಳ್ಳಿ ಅಂತ ಒಂದು ಪ್ರಕಟಣೆ ಕೊಡ್ತೀವಿ. ಅಷ್ಟು ಸಾಕು," ಎಂದ. ಪ್ರಕಟಣೆ ಪತ್ರಿಕೆಯ ಆರನೇ ಪುಟದಲ್ಲಿ, ಬಳಸಿದ ಟ್ರ್ಯಾಕ್ಟರುಗಳ ಜಾಹೀರಾತಿನ ಕೆಳಗೆ ಬಂತು.

ಟೆಸ್ ಮಾತ್ರ ಅದನ್ನು ಓದಿದ್ದಳು. ನಾನು ಅವಳ ಅಂಗಡಿಗೆ ಹಕ್ಕಿಕಾಳು ಕೊಳ್ಳಲು ಹೋದಾಗ ಕೇಳಿದಳು: "ನಮ್ಮ ಬ್ರಿನ್‌ಗೂ ಹಾಕಿಸ್ಬೇಕಾ ಅಕ್ಕ? ಒಂದು ಆಗಿದೆಯಲ್ಲ."

"ಹಾಕ್ಸಿದ್ರೆ ಒಳ್ಳೇದು."

"ಅರ್ಜೆಂಟಾ? ಈ ವಾರ ಅಂಗಡೀಲಿ ಸ್ಟಾಕ್ ಎಣಿಸೋದಿದೆ."

ನನ್ನ ಹಿಂದೆ ಮೂವರು ನಿಂತಿದ್ದರು. "ಅರ್ಜೆಂಟೇನಿಲ್ಲ," ಎಂದೆ.

ಅವಳು ಮುಂದಿನ ವಾರ ಬರುತ್ತೇನೆಂದಳು. ಮುಂದಿನ ವಾರ ಬ್ರಿನ್‌ಳಿಗೆ ಜ್ವರ ಬಂತು, ಮೈತುಂಬ ಗುಳ್ಳೆ ಎದ್ದಿತು, ಎಂಟನೇ ದಿನ ಫಿಟ್ಸ್ ಬಂದು ಹೆಲಿಕಾಪ್ಟರಿನಲ್ಲಿ ಒಯ್ದರು. ಮಿದುಳಿಗೆ ಊತ. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಳು. ಎರಡೂ ಕಿವಿಗಳು ಹೋಗಿವೆ. ಆ ಮಗು ಆಗಷ್ಟೇ ಹಾಡು ಕಲಿತಿತ್ತು ಆರ್ಡಿಸ್. ಈಗ ಇದ್ದ ಮಾತುಗಳೂ ಒಂದೊಂದಾಗಿ ಬಿಟ್ಟುಹೋಗುತ್ತಿವೆಯಂತೆ.

ಆಸ್ಪತ್ರೆಗೆ ನೋಡಲು ಹೋಗಿದ್ದೆ. ಟೆಸ್‌ಗೆ ಆಗಿನ್ನೂ ಏನೂ ಗೊತ್ತಿರಲಿಲ್ಲ. ನನ್ನ ಭುಜಕ್ಕೊರಗಿ ಅತ್ತಳು. "ನೂರಕ್ಕೆ ಒಬ್ರಿಗೋ ಇಬ್ರಿಗೋ ಲಸಿಕೆ ಹತ್ತಲ್ವಂತೆ, ಆ ಒಬ್ಳು ನಮ್ಮವಳೇ ಆಗ್ಬೇಕಿತ್ತಾ ಅಕ್ಕ? ಸದ್ಯ, ನಿಮ್ಮ ಕೋಲ್ಟರ್‌ಗೆ ಏನೂ ಆಗ್ಲಿಲ್ವಲ್ಲ, ಅದೊಂದು ಪುಣ್ಯ," ಎಂದಳು. ಕೋಲ್ಟರ್ ನನ್ನ ಮಗಳು ಮರೀಸಳ ಮಗ, ಬ್ರಿನ್‌ಗಿಂತ ಒಂದು ತಿಂಗಳು ದೊಡ್ಡವನು.

ಲಸಿಕೆ ಹಾಕಿಸಿಕೊಂಡ ಒಂಬತ್ತು ಮಕ್ಕಳು ದಡಾರದಿಂದ ಮಲಗಿದಾಗ ಹೊರಗಿನಿಂದ ತನಿಖೆಯವರು ಬಂದರು. ರಿಪೇರಿಯವನ ರಸೀದಿ ಸಿಕ್ಕಿತು. ಜೂನ್‌ನಲ್ಲಿ ಶಾಲೆಯ ಜಿಮ್ಮಿನಲ್ಲಿ ಸಭೆ ನಡೆಯಿತು. ಹೌಕ್ ಮೈಕು ಹಿಡಿದು, ಸುರಕ್ಷತೆಯ ಪ್ರಶ್ನೆ ಯಾವತ್ತೂ ಇರಲಿಲ್ಲ, ಸ್ಥಳೀಯ ಸಿಬ್ಬಂದಿ ಉಷ್ಣತೆಯನ್ನು ಸರಿಯಾಗಿ ಗಮನಿಸಿರಲಿಲ್ಲ ಎಂದ. ಅವನ ಫೈಲಿನಲ್ಲಿರುವ ನನ್ನ ಕಾಗದದ ಬಗ್ಗೆ ಎದ್ದು ಹೇಳಿದೆ. ಅಂಥ ಕಾಗದ ಯಾವುದೂ ದಾಖಲೆಯಲ್ಲಿಲ್ಲ ಎಂದ.

ಡ್ವೇನ್ ಕೂಗಾಡುತ್ತಾನೆಂದು ಎಲ್ಲರೂ ಕಾದರು. ಅವನು ನೆಲ ನೋಡುತ್ತ ಕೂತಿದ್ದ. ಎದ್ದವಳು ಟೆಸ್. ಹೌಕ್‌ನ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನ ಗಂಡ ಯಾರನ್ನೂ ನಂಬ್ತಿರ್ಲಿಲ್ಲ, ನಾನು ನಂಬ್ದೆ. ಅಂಗಡೀಲಿ ಕೇಳಿದ್ನಲ್ಲ ಅಕ್ಕ, ಅರ್ಜೆಂಟಾ ಅಂತ. ಆವತ್ತು ನಿಜ ಹೇಳಿದ್ರೆ ಸ್ಟಾಕ್ ಎಣಿಸೋದು ಬಿಟ್ಟು ಬರ್ತಿರ್ಲಿಲ್ವಾ?"

ಉತ್ತರಕ್ಕೆ ಕಾಯದೆ ಅವಳು ಬಾಗಿಲ ಕಡೆ ನಡೆದಳು.

ಹೌಕ್‌ಗೆ ರಾಜಧಾನಿಯಲ್ಲಿ ದೊಡ್ಡ ಹುದ್ದೆಯಾಗಿದೆ. ಜನರೊಂದಿಗೆ ಸಂವಾದ ನಡೆಸುವ ವಿಭಾಗವಂತೆ. ನನ್ನ ಜಾಗಕ್ಕೆ ಬಂದ ಹುಡುಗಿ ಒಳ್ಳೆಯವಳು, ಖಾಲಿ ಕ್ಲಿನಿಕ್ಕಿನಲ್ಲಿ ಕೂತಿರುತ್ತಾಳೆ. ಚರ್ಚಿನ ಹೆಂಗಸರು ಈಗ ಸಣ್ಣ ಮಕ್ಕಳ ತಾಯಂದಿರಿಗೆ ಹೇಳುವುದೇ ಬೇರೆ. ಸುಳ್ಳುಬುರುಕರೆಂದು ನಮ್ಮನ್ನು ಬೈಯುತ್ತಿದ್ದವರು ಇಷ್ಟು ವರ್ಷ ಸುಳ್ಳೇ ಹೇಳುತ್ತಿದ್ದರು. ಅವರ ಮಾತನ್ನು ನಿಜ ಮಾಡಿಕೊಟ್ಟವರು ನಾವು.

ನಿನಗೆ ಸಂಕಟ ತಂದಿದ್ದರೆ ಕ್ಷಮಿಸು. ಮಾತ್ರೆ ತಪ್ಪಿಸಬೇಡ, ಮೆಟ್ಟಿಲು ಹತ್ತುವ ಸಾಹಸ ಬೇಡ. ದೇವರು ನಿನ್ನನ್ನು ಇನ್ನೂ ಬಹಳ ಕಾಲ ನೋವಿಲ್ಲದೆ ನಡೆಸಲಿ.

ನಿನ್ನ
ಜೋಲೀನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ತನಿಖೆಯವರೂ ಕೇಳದ್ದೊಂದಿದೆ. ಆ ಅರವತ್ಮೂರು ಮಕ್ಕಳಲ್ಲಿ ಕೋಲ್ಟರ್ ಒಬ್ಬ. ಹೌಕ್ ಬಂದುಹೋದ ಎರಡು ದಿನಕ್ಕೆ ಹೊಸ ಲಸಿಕೆ ಬಂತು. ಅಂದೇ ಮಧ್ಯಾಹ್ನ ಐಸಿನ ಡಬ್ಬಿಯಲ್ಲಿಟ್ಟುಕೊಂಡು ಮರೀಸಳ ಮನೆಗೆ ಹೋಗಿ ಅವನಿಗೆ ಇನ್ನೊಮ್ಮೆ ಹಾಕಿದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಟೆಸ್ ಕೆಲಸಕ್ಕೆ ಹೋಗುವ ದಿನ ಮರೀಸಳೇ ಬ್ರಿನ್‌ಳನ್ನು ನೋಡಿಕೊಳ್ಳುತ್ತಿದ್ದಳು. ಕೋಲ್ಟರ್ ಅತ್ತಾಗ ಅಲ್ಲೇ ಇದ್ದ ಬ್ರಿನ್ ಕೂಡ ಅಳತೊಡಗಿದಳು. ಅವಳನ್ನು ಎತ್ತಿಕೊಂಡು ಸಮಾಧಾನ ಮಾಡಿದೆ. ನಾನು ಒಂದೇ ಸಿರಿಂಜು ಒಯ್ದಿದ್ದೆ.