ಅಮ್ಮಿಗೆ ಗೊತ್ತಾಗಬಾರದು

3 ಮಾರ್ಚ್ 2025, ಸೋಮವಾರ

ಇವತ್ತೂ ಬಸ್ಸಲ್ಲಿ ಸೀಟಿಲ್ಲ. ಶಿವಮೊಗ್ಗದಿಂದ ಜನ್ನಾಪುರದ ತನಕ ನಿಂತೇ ಬಂದೆ, ರಂಜಾನಿನ ರೋಜಾ, ಉಪವಾಸದ ಹೊಟ್ಟೆಯಲ್ಲಿ. ಮನೆ ಮುಟ್ಟುವಾಗ ಅಜಾನ್. ಅಮ್ಮಿ, ಅಂದರೆ ಅತ್ತೆ, ಖರ್ಜೂರದ ತಟ್ಟೆ ಹಿಡಿದು ನಿಂತಿದ್ದರು. ಇವರು ಸುನ್ನಿಗಳು. ಹೊತ್ತು ಮುಳುಗಿದ ಕೂಡಲೇ ರೋಜಾ ಬಿಡುತ್ತಾರೆ. ನಾವು ಶಿಯಾಗಳು ಮೂಡಣದ ಕೆಂಪು ಆರುವವರೆಗೆ ಕಾಯಬೇಕು. ಹೇಳುವ ಹಾಗಿಲ್ಲವಲ್ಲ... ಬಚ್ಚಲಿಗೆ ಹೋಗಿ ಕೈಕಾಲು ತೊಳೆದೆ. ಮತ್ತೊಮ್ಮೆ ತೊಳೆದೆ. ಬಂದು ದುವಾ, ಪ್ರಾರ್ಥನೆಗೆ ಕೂತೆ. ರಿಜ್ವಾನ್ ಎದುರಿಗೇ ಪಕೋಡ ಮೆಲ್ಲುತ್ತಾ "ಬೇಗ" ಅಂತ ಕಣ್ಣಲ್ಲೇ ಗದರಿಸಿದ. ಗಂಡನಂತೆ ಗಂಡ.

6 ಮಾರ್ಚ್, ಗುರುವಾರ

ಸ್ವಲ್ಪದರಲ್ಲಿ ತಪ್ಪಿತು. ನಮಾಜಿನಲ್ಲಿ ನಮ್ಮ ಹಣೆ ಮಣ್ಣಿಗೆ ತಾಗಬೇಕು. ಅದಕ್ಕೇ ಅಪ್ಪ ಕೊಟ್ಟ ಕರ್ಬಲಾದ ಮಣ್ಣಿನ ಬಿಲ್ಲೆ. ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತೇನೆ ಅಂತ ಲ್ಯಾಬಿನಲ್ಲಿ ಇಟ್ಟಿದ್ದೆ. ನವುಲೆಯಲ್ಲಿ ನಾನು ಕೆಲಸ ಮಾಡುವುದೇ ಮಣ್ಣು ಪರೀಕ್ಷೆಯ ಲ್ಯಾಬು! ಜೊತೆಗೆ ಕೆಲಸ ಮಾಡುವ ಸುಪ್ರಿಯಾ ಅದನ್ನು ಆಯನೂರಿನ ತೋಟದ ಸ್ಯಾಂಪಲ್‌ಗಳ ಜೊತೆ ಟ್ರೇಗೆ ಹಾಕಿದ್ದಾಳೆ. ನಾನು ಟೀ ಕುಡಿಯುವವರ ಜೊತೆ ಹರಟುತ್ತಾ ಇನ್ನೊಂಚೂರು ಕೂತಿದ್ದರೆ ಕುಟ್ಟಿ ಪುಡಿ ಮಾಡಿರುತ್ತಿದ್ದಳು. ಕಿತ್ತುಕೊಂಡೆ.

"ಲೇಬಲ್ ಇಲ್ದೆ ಇಟ್ರೆ ನಂಗ್ ಹೆಂಗ್ ಗೊತ್ತಾಗುತ್ತೆ ಮಾರಾಯ್ತಿ?" ಅಂದಳು. ಅವಳದೇನು ತಪ್ಪು.

ಮನೆಯಲ್ಲಿ ಈಚಲ ಚಾಪೆ ಹಾಸಿಕೊಳ್ಳುತ್ತೇನೆ. ಮಣ್ಣಲ್ಲಿ ಬೆಳೆದದ್ದು, ನಮಗೆ ಚಾಪೆ ನಡೆಯುತ್ತದೆ, ಅಮ್ಮಿಯ ಮಖಮಲ್ಲಿನ ನಮಾಜು ಹಾಸು ನಡೆಯುವುದಿಲ್ಲ. ಮಖಮಲ್ಲು ಮೈಗೆ ಆಗಲ್ಲ, ತುರಿಕೆ ಬರುತ್ತೆ ಅಂತ ಹೇಳಿಟ್ಟಿದ್ದೇನೆ.

9 ಮಾರ್ಚ್, ಭಾನುವಾರ

ಅನಾಹುತ. ಅಮ್ಮಿ ಬೀದಿಗೆಲ್ಲ ಸಾರಿ ಬಂದಿದ್ದಾರೆ. ಸೊಸೆ ಮಖಮಲ್ಲು ಬಿಟ್ಟು ಚಾಪೆಯ ಮೇಲೆ ನಮಾಜು ಮಾಡುತ್ತಾಳಂತೆ, ತುರಿಕೆ ಬರೀ ನೆಪವಂತೆ. ಅಜಾನ್ ಆದರೂ ದುವಾ ಮುಗಿಯದೆ ನೀರು ಮುಟ್ಟುವುದಿಲ್ಲವಂತೆ. ಅಂಥ ಮಹಾ ಭಕ್ತೆಯಂತೆ ನಾನು. ಮಧ್ಯಾಹ್ನ ಹೆಂಗಸರ ದಂಡೇ ಬಂತು. ಒಬ್ಬಳು ಬಾಟಲಿಯಲ್ಲಿ ನೀರು ತಂದಿದ್ದಳು, ಮಗುವಿಗೆ ಹುಷಾರಿಲ್ಲ, ಓದಿ ಊದಿಕೊಡಿ ಅಂತ. ಊದಿದೆ. ಇನ್ನೇನು ಮಾಡಲಿ?

ಮುಂದಿನ ಭಾನುವಾರದಿಂದ ಅವರಿಗೆಲ್ಲ ನಾನು ಕುರ್‌ಆನಿನ ಅರ್ಥ ಕನ್ನಡದಲ್ಲಿ ಹೇಳಬೇಕಂತೆ. ಅಮ್ಮಿಯ ಅಣ್ಣ ಪೀರ್ ಬಾಷಾ ಮಾಮೂ ಕನ್ನಡ ಅನುವಾದದ ಪುಸ್ತಕ ತಂದುಕೊಟ್ಟು ಹೋದರು. ತಪ್ಪು ಹೇಳಿದರೆ ತಿದ್ದಲು ಜಗುಲಿಯಲ್ಲೇ ಕೂತಿರುತ್ತಾರಂತೆ.

14 ಮಾರ್ಚ್, ಶುಕ್ರವಾರ

ರಿಜ್ವಾನ್ ಜೊತೆ ಜಗಳ. ಅಮ್ಮಿಗೆ ಹೇಳಿಬಿಡೋಣ ಅಂದೆ. ಅವನದು ಅದೇ ಹಾಡು, ಅಮ್ಮಿಗೆ ಗೊತ್ತಾಗಬಾರದು. ಶಿಯಾಗಳ ಮನೆಯ ನೀರೂ ಕುಡಿಯಬಾರದು ಅಂತ ಯಾವುದೋ ಮದುವೆ ಮಾತಿನಲ್ಲಿ ಅವರು ಅಂದಿದ್ದು ನನಗೂ ನೆನಪಿದೆ. ಅದಕ್ಕೇ ಅಲ್ಲವೇ ಶಿಯಾಗಳೇ ತುಂಬಿರುವ ನನ್ನ ಊರಿನ ಹೆಸರು ಬಿಟ್ಟು, ಗೌರಿಬಿದನೂರು ಕಡೆ ಅಂತಷ್ಟೇ ಹೇಳಿ ನಿಕಾಹ್ ಮುಗಿಸಿದ್ದು?

ಆದರೆ ಅವನು ನನಗೇ ತಖಿಯಾ ಪಾಠ ಶುರು ಮಾಡಿದ. ಪ್ರಾಣಕ್ಕೆ ಕುತ್ತು ಬಂದಾಗ ನಂಬಿಕೆ ಮುಚ್ಚಿಡಬಹುದು ಅನ್ನುವ ರಿಯಾಯಿತಿ ಅದು. "ನಿಮ್ಮೋರ್ಗೆ ಪರ್ಮಿಷನ್ ಇದೆಯಲ್ಲ, ನಿಂಗೇನ್ ಕಷ್ಟ?" ಅಂತೆ. ಮೊಬೈಲಲ್ಲಿ ಕುರ್‌ಆನಿನ ಆಯತ್ ತೆಗೆದು ಮುಖಕ್ಕೆ ಹಿಡಿದ. ಬಲವಂತಕ್ಕೆ ಸಿಕ್ಕವರಿಗೆ ಅಂತ ಇದೆ, ಸರಿಯಾಗಿ ಓದು ಅಂದೆ. ಇಲ್ಲಿ ನನ್ನ ಕತ್ತಿಗೆ ಕತ್ತಿ ಹಿಡಿದವರು ಯಾರು, ಬೆಳಗಿನ ಜಾವ ಸೆಹ್ರಿಗೆ ಎಬ್ಬಿಸಿ ಬಿಸಿ ರೊಟ್ಟಿ ಬಡಿಸುವ ನಿಮ್ಮಮ್ಮನಾ? ಮಗ್ಗುಲು ಬದಲಿಸಿ ಮಲಗಿದ.

ನನಗೆ ನನ್ನ ಮನೆಯಲ್ಲಿ ನನ್ನ ನಮಾಜು ಮಾಡಬೇಕು, ಅಷ್ಟೇ.

16 ಮಾರ್ಚ್, ಭಾನುವಾರ

ಪುಸ್ತಕ ತೆರೆದಲ್ಲೇ ಓದು ಅಂದರು ಅಮ್ಮಿ. ತೆರೆದೆ. ಬೇಕಿತ್ತಾ ನನಗೆ! ಈಜಿಪ್ಟಿನ ಅರಸ ಫಿರೌನನ ಮನೆಯಲ್ಲೇ ಇದ್ದುಕೊಂಡು ತನ್ನ ಈಮಾನು, ನಂಬಿಕೆ ಮುಚ್ಚಿಟ್ಟಿದ್ದವನ ಪ್ರಸಂಗ. ಪ್ರವಾದಿ ಮೂಸಾರನ್ನು ಕೊಲ್ಲಲು ಹೊರಟಾಗ ಅವನು ತಡೆಯಲಾರದೆ ಎದ್ದು ಮಾತಾಡುತ್ತಾನೆ. ಅಷ್ಟು ದಿನ ಮುಚ್ಚಿಟ್ಟಿದ್ದಕ್ಕಲ್ಲ, ಅವತ್ತು ಬಾಯಿ ಬಿಟ್ಟಿದ್ದಕ್ಕೇ ಅವನ ಮಾತು ಉಳಿಯಿತು ಅಂತ ಅರ್ಥ ಹೇಳಿದೆ. ಜಗುಲಿಯಿಂದ ಮಾಮೂ ತಿದ್ದಿದರು: ಅಂಥ ಕ್ರೂರಿ ಜಾಲಿಮನ ರಾಜ್ಯದಲ್ಲಿ ಮುಚ್ಚಿಡುವುದೂ ಸರಿ ಅನ್ನುವುದೇ ಮುಖ್ಯವಂತೆ. ನಾನು ಒಪ್ಪಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು.

ಆಗ ಅಮ್ಮಿ ಕೇಳಿದರು, "ಒಂದೇ ತಟ್ಟೇಲಿ ಉಂಡೋರ್ಗೂ ಅವ್ನು ಹೇಳಿರ್ಲಿಲ್ವಾ ಮಗಾ?"

ಅದು ಇದರಲ್ಲಿ ಇಲ್ಲ ಅಂದೆ. ಪಾಪ, ಆ ಮನೆಯವರಿಗೆ ಹೇಗಾಗಿರಬೇಕು ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ನನಗೆ ಮುಂದೆ ಓದಲಾಗಲಿಲ್ಲ.

17 ಮಾರ್ಚ್, ಸೋಮವಾರ

ಲೀವ್ ಹಾಕಿದೆ. ಹೇಳಿದೆ. ಅಮ್ಮಿ ಗಂಜಿಗೆ ಬೇಳೆ ಆರಿಸುತ್ತಾ ಕೂತಿದ್ದರು.

"ನಾನು ಶಿಯಾ, ಅಮ್ಮಿ. ಹುಟ್ಟಿದಾಗಿಂದ."

ಕೈ ನಿಂತಿತು. ಬೀದಿಗೆಲ್ಲ ಹೇಳಿಕೊಂಡು ಬಂದೆನಲ್ಲ ಅಂತ ಅತ್ತರು. ನಾನೂ ಅತ್ತೆ. ರಿಜ್ವಾನನ ಮಾತು ಎತ್ತಬೇಕು ಅನ್ನುವಷ್ಟರಲ್ಲಿ ಅವರೇ ಎದ್ದು ಹೋಗಿ ಬೀದಿ ಬಾಗಿಲಿನ ಚಿಲಕ ಹಾಕಿ ಬಂದರು.

"ರಿಜ್ವಾನ್‌ಗೆ ಮಾತ್ರ ಗೊತ್ತಾಗ್ಬಾರ್ದು. ಮುಂಗೋಪಿ ಅವ್ನು, ನಿನ್ನ ಬಿಟ್ಟೇ ಬಿಡ್ತಾನೆ. ನಾನಿದ್ದೀನಿ. ನಾನು ಮುಚ್ಚಿಡ್ತೀನಿ."

ಏನು ಹೇಳಲಿ? ನಿಮ್ಮ ಮಗನಿಗೆ ಮೊದಲಿನಿಂದಲೂ ಗೊತ್ತು, ನಿಮಗೆ ಮೋಸ ಮಾಡಿದ್ದೇ ಅವನು ಅಂತಲೇ? ತಲೆಯಾಡಿಸಿದೆ. ಥೂ ನನ್ನ ನಾಲಿಗೆಗೆ.

18 ಮಾರ್ಚ್, ಮಂಗಳವಾರ, ಸಂಜೆ

ಕೋಣೆಯಲ್ಲಿ ನಮಾಜು ಮುಗಿಸಿ ಬರೆಯುತ್ತಿದ್ದೇನೆ. ಅಮ್ಮಿ ಆಚೆ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕಾವಲು ಕೂತಿದ್ದಾರೆ. ರಿಜ್ವಾನ್ ಗ್ಯಾರೇಜಿನಿಂದ ಬಂದ. ನನಗೆ ತಲೆನೋವು, ಮಲಗಿದ್ದೇನೆ ಅಂತ ಹೇಳುತ್ತಿದ್ದಾರೆ. ಮಲಗಲಿ ಬಿಡಿ ಅಮ್ಮಿ ಅಂತಾನೆ ಇವನು, ನಾನು ಒಳಗೆ ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿದ್ದೂ. ಮಾತ್ರೆ ಕೊಟ್ಟಿರಾ ಅಂತ ಬೇರೆ ಕೇಳುತ್ತಾನೆ. ರೋಜಾದಲ್ಲಿ ಎಂಥ ಮಾತ್ರೆ ಅಂತ ಅವರು. ಮಗನ ಮುಂದೆ ಯಾವತ್ತೂ ಸುಳ್ಳಾಡಿದವರಲ್ಲ. ಸುಳ್ಳಾಡಿದರೆ ರೋಜಾ ಕೆಡುತ್ತದೆ ಅಂತ ಬೀದಿಯ ಮಕ್ಕಳನ್ನೆಲ್ಲ ಗದರಿಸುವವರು. ಈಗ ನನಗೋಸ್ಕರ...

ಸಾಕು. ಅವನು ಬಿಟ್ಟರೆ ಬಿಡಲಿ, ಬೈದರೆ ಬೈಯಲಿ. ಈಗಲೇ ಬಾಗಿಲು ತೆಗೆದು ಅಮ್ಮಿಯ ಎದುರಿಗೇ ಅವನ ಬಾಯಲ್ಲೇ ನಿಜ ಹೇಳಿಸಿ—