ಮೂವತ್ತೆಂಟು ಮೈಕ್ರಾನಿಗೆ ಬಂತು

ಸರ್,

ಪೂಜ್ಯ ಗುರುಗಳೇ ಎಂದು ಬರೆಯಲಾರೆ. ನೀವು ಸತ್ತು ಏಳು ತಿಂಗಳಾಯಿತು, ಇನ್ನು ನಿಮಗೆ ಹೆದರಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ನೆಲಮಾಳಿಗೆಯ ಲ್ಯಾಬಿನಲ್ಲಿ ಎರಡು ಲೋಹದ ಬಿಲ್ಲೆಗಳನ್ನು ಮೂವತ್ತೆಂಟು ಮೈಕ್ರಾನಿನಷ್ಟು ಹತ್ತಿರ ತಂದೆವು. ಕೂದಲೆಳೆಗಿಂತ ಸಣ್ಣ ಸಂದು. ನಿಮ್ಮ ಸ್ಟ್ರಿಂಗ್ ಸಿದ್ಧಾಂತ ಹೇಳುವ, ಕಣ್ಣಿಗೆ ಕಾಣದಂತೆ ಮಡಚಿಟ್ಟ ಹೆಚ್ಚಿನ ಆಯಾಮಗಳು ಅಷ್ಟು ದೊಡ್ಡವಾಗಿದ್ದರೆ ಅಲ್ಲಿ ಗುರುತ್ವದ ಸೆಳೆತ ಹೆಚ್ಚಬೇಕಿತ್ತು. ರವಷ್ಟೂ ಹೆಚ್ಚಲಿಲ್ಲ.

ಹನ್ನೊಂದು ವರ್ಷ, ನಾನು ಇನ್ನೂ ಸಣ್ಣ ಸಂದಿನಲ್ಲಿ ಅಳೆದು ಏನೂ ಸಿಗದಾಗಲೆಲ್ಲ ನೀವು ಮೇಲಿನ ಮಹಡಿಯಿಂದ ಫೋನ್ ಮಾಡುತ್ತಿದ್ದಿರಿ. "ಎಷ್ಟಕ್ಕೆ ಬಂತಮ್ಮಾ?" ಹೇಳಿದರೆ, "ಹಾಗಾದ್ರೆ ಆಯಾಮ ಅದಕ್ಕಿಂತ ಚಿಕ್ಕದು ಬಿಡು." ಹಿಡಿಯಹೋದರೆ ಜಾರಿಕೊಳ್ಳುವ ಆಸಾಮಿ ನೀವು. ನನ್ನ ಯಂತ್ರ ನೋಡಲು ಒಂದು ದಿನವೂ ಮೆಟ್ಟಿಲಿಳಿದು ಬರಲಿಲ್ಲ. ಕೊನೆಗೆ ಆಸ್ಪತ್ರೆಯ ಹಾಸಿಗೆಯಿಂದಲೂ ಅದನ್ನೇ ಕೇಳಿದಿರಿ. "ಬೇಕಿದ್ರೆ ಬಂದು ನೋಡಿ" ಎಂದು ಫೋನ್ ಕುಕ್ಕಿದೆ.

ಇವತ್ತು ನಮ್ಮ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಖುಷಿಯಿಂದ ಕೇಳಿದರು: "ಅಲ್ಲಿಗೆ ಆ ಮುದುಕರ ಕಥೆ ಮುಗೀತಲ್ಲ ಮೇಡಂ? ಏನೂ ಇಲ್ಲ ಅಂತ ಬರ್ಕೊಳ್ಳಲಾ?"

"ಇಲ್ಲ ಅಂತ ಯಾರ್ರೀ ಹೇಳಿದ್ದು? ಇದಕ್ಕಿಂತ ಚಿಕ್ಕದು ಅಂತ ಬರ್ಕೊಳ್ಳಿ!" ಎಂದು ಅವರ ಮೇಲೆ ಹರಿಹಾಯ್ದೆ.

ನಿಮ್ಮದೇ ಮಾತು, ನಿಮ್ಮದೇ ದರ್ಪ, ನನ್ನ ಬಾಯಲ್ಲಿ. ಮೈಯೆಲ್ಲ ಉರಿದುಹೋಯಿತು.

ಅವರು ಬರೆದುಕೊಂಡು ಊಟಕ್ಕೆ ಹೋದರು. ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ. ಎಷ್ಟಕ್ಕೆ ಬಂತು ಎಂದು ಕೇಳಲು ಈ ಇಡೀ ಕಟ್ಟಡದಲ್ಲಿ ಇನ್ನೊಬ್ಬ ಪಾಪಿಯೂ ಇಲ್ಲ.