ಬಿಳಿ ಹುಡಿಯ ಡಬ್ಬಿ

ಡೊಂಬಿವಲಿ ಪೂರ್ವ
ಗುರುವಾರ, 5 ಜೂನ್ 2025

ಮುದ್ದಿನ ಹರ್ಷಿಗೆ ಅಮ್ಮನ ಆಶೀರ್ವಾದಗಳು.

ಚಿನ್ನುವಿನ ಮೈಮೇಲಿನ ಗಂಧೆ ಇಳಿಯಿತೇ? ಆರು ತಿಂಗಳ ಕೂಸಿಗೆ ತುರಿಸುತ್ತದೆ ಎಂದು ಹೇಳಲೂ ಬರುವುದಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅತ್ತೆಯವರ ಮಂಡಿನೋವು ಹೇಗಿದೆ? ಇಲ್ಲಿ ಅಪ್ಪ ಸೌಖ್ಯ. ನಾನೂ ಸೌಖ್ಯ ಎಂದೇ ಇಟ್ಟುಕೋ.

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ. "ಹೊಸದೇನು ಕೊಟ್ಟಿರಿ ಅಂತ ಡಾಕ್ಟರ್ ಕೇಳಿದ್ರು. ಏನೂ ಇಲ್ಲ, ನಮ್ಮಮ್ಮನ ಬಾಳೆಕಾಯಿ ಹುಡಿ ಮಾತ್ರ ಅಂದೆ." ದನದ ಹಾಲು ಚಿನ್ನುವಿಗೆ ಆಗದೆಂದು ತಿಳಿದಂದಿನಿಂದ ನೀನು ಚಮಚವನ್ನೂ ಕುದಿಸಿ ಇಡುವವಳು. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿದ್ದ ನಿನ್ನ ಅತ್ತೆ, ತವರಿನ ಹುಡಿಯಲ್ಲಿ ಕೆಡುಕೇನಿರುತ್ತದೆ, ಎಷ್ಟು ಬೆಳ್ಳಗೆ ಮಾಡಿದ್ದೀರಿ ಎಂದು ಹೊಗಳಿದರು. ನಾನು ಹೂಂ ಎಂದು ಫೋನಿಟ್ಟೆ. ಅದಕ್ಕೇ ಈ ಕಾಗದ.

ನಮ್ಮಲ್ಲಿ ಕೂಸಿನ ಮೊದಲ ಗಂಜಿಗೆ ಹುಡಿ ಅಜ್ಜಿ ಮನೆಯಿಂದಲೇ ಹೋಗಬೇಕಲ್ಲವೇ. ನಾನೂ ಮೇ ತಿಂಗಳಲ್ಲಿ ನೇಂದ್ರ ಬಾಳೆಕಾಯಿ ತಂದು ತೆಳ್ಳಗೆ ಹೆಚ್ಚಿದೆ. ಬಿಳಿ ಪಂಚೆಯ ಮೇಲೆ ಹರಡಿ ಮೂರು ದಿನ ಖಡಕ್ ಬಿಸಿಲು ಕಾಣಿಸಿದರೆ ಹೋಳು ಕಟಕ್ಕೆಂದು ಮುರಿಯಬೇಕು. ಆದರೆ ಸೊಸೈಟಿಯವರು ವಾಟರ್‌ಪ್ರೂಫಿಂಗ್ ಎಂದು ಟೆರೇಸಿಗೆ ಬೀಗ ಜಡಿದಿದ್ದರು. ಬಾಲ್ಕನಿಯ ಬಿಸಿಲು ಅರ್ಧ ಗಂಟೆಯದು. ಎರಡನೇ ದಿನಕ್ಕೆ ಹೋಳು ಮೆತ್ತಗಾಗಿ ಕಪ್ಪಿಟ್ಟವು. ಹೆದರಿ ಓವನ್ನಿಗೆ ಹಾಕಿದೆ. ಮೇಲೆ ಸೀದು, ಒಳಗೆ ಚರ್ಮದಂತೆ ಜಿಗುಟಾಯಿತು. ಮತ್ತೆ ಒಣಗಿಸಿ ಬೀಸಿದರೆ ಕಂದು ಬಣ್ಣ, ಸುಟ್ಟ ವಾಸನೆ. ಧಾರವಾಡದ ನಿನ್ನ ಅತ್ತೆಮನೆಯವರ ಮುಂದೆ ಇದನ್ನು ಇಡುವುದು ಹೇಗೆ ಎಂದು ಕುಳಿತು ಅತ್ತುಬಿಟ್ಟೆ, ಮಾರಾಯ್ತಿ.

ಆಗಲೇ ಯೋಗೀಶ ಮಾಮ ತುರ್ಭೆಯಿಂದ ಬಂದ. ಅವನ ಕಾರ್ಖಾನೆಯಲ್ಲಿ ಹಣ್ಣಿನ ಹುಡಿಯೇ ಕೆಲಸ ಎಂದು ನಿನಗೆ ಗೊತ್ತಲ್ಲ. ಹಣ್ಣಿನ ರಸವನ್ನು ಬಿಸಿಗಾಳಿಯೊಳಗೆ ಮಂಜಿನ ಹಾಗೆ ಸಿಂಪಡಿಸಿದರೆ ಕ್ಷಣದಲ್ಲಿ ಒಣಗಿ ಹುಡಿಯಾಗಿ ಉದುರುತ್ತದಂತೆ, ಬಣ್ಣ ಕೆಡುವುದಿಲ್ಲವಂತೆ. ಬಾಳೆಯ ಹುಡಿಯ ಒಂದು ಪೊಟ್ಟಣವನ್ನೂ ತಂದಿದ್ದ, ಮಲ್ಲಿಗೆಯಷ್ಟು ಬಿಳಿ. ನಿನ್ನೆ ಅವನಿಗೆ ಫೋನು ಮಾಡಿ ಅದರಲ್ಲಿ ಬಾಳೆ ಬಿಟ್ಟು ಬೇರೇನಿದೆ ಎಂದು ಕೇಳಿದೆ. "ಹಣ್ಣಿನ ಸಕ್ಕರೆ ಮಶೀನಿಗೆ ಅಂಟ್ತದೆ ಅಕ್ಕ, ಅದಕ್ಕೆ ಹಾಲಿನ ಪ್ರೋಟೀನ್ ಸೇರಿಸ್ತೇವೆ. ಇದು ಮಿಲ್ಕ್‌ಶೇಕಿನವರ ಮಾಲು. ಯಾಕೆ?" ಎಂದ. ಸುಮ್ಮನೆ ಕೇಳಿದೆ ಎಂದುಬಿಟ್ಟೆ.

ಅಳಿಯಂದಿರಿಗೆ ಆಶೀರ್ವಾದ, ನಿನ್ನ ಅತ್ತೆಯವರಿಗೆ ನಮಸ್ಕಾರ, ಚಿನ್ನುವಿನ ಎರಡೂ ಪಾದಕ್ಕೆ ಮುತ್ತು.

ನಿನ್ನ ಅಮ್ಮ,
ಸುಗುಣಾ

ತಾ.ಕ.: ಡಬ್ಬಿಯಲ್ಲಿರುವುದು ನನ್ನ ಹುಡಿಯಲ್ಲ, ಹರ್ಷಿ. ಯೋಗೀಶನ ಪೊಟ್ಟಣವನ್ನೇ ಸುರಿದು ನನ್ನದೆಂದು ಕಳಿಸಿದೆ. ಅವನಿಗೆ ಇದು ಗೊತ್ತಿಲ್ಲ. ಕೂಸಿಗೆ ಇನ್ನೊಂದು ಚಮಚವನ್ನೂ ಕೊಡಬೇಡ. ಡಬ್ಬಿ ಹಿಡಿದು ಈಗಲೇ ಡಾಕ್ಟರ ಹತ್ತಿರ ಹೋಗು, ಅದರಲ್ಲಿ ಹಾಲಿದೆ ಎಂದು ಹೇಳು. ಅಂಚೆಗೆ ಕಾಯುವ ಹೊತ್ತಲ್ಲ ಇದು, ಕಾಗದದ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತಿದ್ದೇನೆ. ಬೆನ್ನಿಗೇ ಫೋನು ಮಾಡುತ್ತೇನೆ. ಸ್ಪೀಕರ್ ಹಾಕಿಯೇ ಎತ್ತು, ನಿನ್ನ ಅತ್ತೆಯವರೂ ಕೇಳಲಿ.